ಹಿಂಚಕ್ರದ ಕ್ಯಾಂಬರ್: ಶಿಮ್ ಎಲ್ಲಿ, ಎಷ್ಟು?

ಪ್ರಶ್ನೆ: ಡ್ರಮ್ ಬ್ರೇಕಿನ ಹಳೆಯ ಸ್ವಿಫ್ಟ್ ಕಾರನ್ನು ಟ್ರ್ಯಾಕಿಗೆ ಸಿದ್ಧ ಮಾಡಿಕೊಂಡು ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಿರುತ್ತೇನೆ. ಮುಂದಿನ ಚಕ್ರಕ್ಕೆ ಮೈನಸ್ 3 ಡಿಗ್ರಿ ಕ್ಯಾಂಬರ್ (ಚಕ್ರದ ತಲೆ ಒಳಗೆ ವಾಲಿದ್ದರೆ ಮೈನಸ್, ಹೊರಗೆ ವಾಲಿದ್ದರೆ ಪ್ಲಸ್) ಇದೆ, ಹಿಂದೆ ಮೈನಸ್ 1. ಅದನ್ನು ಮೈನಸ್ 2.5 ಮಾಡಿಕೊಡಿ ಎಂದರೆ ಅಲೈನ್‌ಮೆಂಟ್ ಅಂಗಡಿಯವರು ‘ಇದರಲ್ಲಿ ಅಡ್ಜಸ್ಟ್‌ಮೆಂಟೇ ಇಲ್ಲ’ ಎನ್ನುತ್ತಾರೆ. ಮೇಲಿನ ಬೋಲ್ಟುಗಳಿಗೆ ವಾಷರ್ ಕೊಟ್ಟರೆ ಸಾಕು ಎಂದು ಇನ್ನೊಬ್ಬರು ಹೇಳಿದರು. ಏನು ಮಾಡಲಿ?

ಉತ್ತರ: ಅಂಗಡಿಯವರ ಮಾತು ನಿಜ. ಸ್ವಿಫ್ಟ್‌ನ ಹಿಂದಿರುವುದು ಟಾರ್ಷನ್ ಬೀಮ್, ಅಂದರೆ ಎಡಬಲ ಹಿಂಚಕ್ರಗಳನ್ನು ಜೋಡಿಸುವ ಒಂದೇ ಅಡ್ಡ ತೊಲೆ. ಕ್ಯಾಂಬರ್ ತಿರುಗಿಸಲು ಅದರಲ್ಲಿ ಕ್ಯಾಮ್ ಬೋಲ್ಟ್ ಇಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದರೂ ಕ್ಯಾಂಬರ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಉಳಿಯುವ ಜಾಗ ಒಂದೇ: ಸ್ಟಬ್ ಆಕ್ಸಲ್ (ಚಕ್ರ ತಿರುಗುವ ಗಿಡ್ಡ ಅಚ್ಚು) ಬೀಮಿಗೆ ಕೂರುವ ಮುಖ. ಅಲ್ಲಿ ಓರೆ ಶಿಮ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದ ಲೋಹದ ಬಿಲ್ಲೆ) ಕೊಟ್ಟರೆ ಆಯಿತು. ಆದರೆ ಮೇಲಿನ ಬೋಲ್ಟಿಗೆ ವಾಷರ್ ಎಂಬ ಸಲಹೆ ಪೂರ್ತಿ ಉಲ್ಟಾ. ಮೇಲೆ ದಪ್ಪ ಕೊಟ್ಟರೆ ಚಕ್ರದ ತಲೆ ಹೊರಗೆ ವಾಲಿ ಕ್ಯಾಂಬರ್ ಪ್ಲಸ್ ಕಡೆಗೆ ಹೋಗುತ್ತದೆ. ಮೈನಸ್ ಬೇಕಿದ್ದರೆ ದಪ್ಪ ಕೆಳಗಿರಬೇಕು.

ಅದಕ್ಕೂ ಮೊದಲು, ನಿಮಗೆ ಇದು ಬೇಕೇ? ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂದೆ ಹಿಡಿತ ಹೆಚ್ಚಾದಷ್ಟೂ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತದೆ. ಐದಾರು ಸುತ್ತು ಜೋರಾಗಿ ಓಡಿಸಿ, ಪಿಟ್ಟಿಗೆ ಬಂದ ಕೂಡಲೇ ಸೂಜಿ ಮೊನೆಯ ಥರ್ಮಾಮೀಟರನ್ನು ಹಿಂದಿನ ಟೈರಿಗೆ ಒಳಂಚು, ನಡು, ಹೊರಂಚು ಮೂರು ಕಡೆ ಚುಚ್ಚಿ ನೋಡಿ. ಹೊರಂಚೇ ಹೆಚ್ಚು ಬಿಸಿ ಇದ್ದರೆ ಇನ್ನಷ್ಟು ಮೈನಸ್ ಬೇಕು. ಒಳಂಚು ನಾಲ್ಕೈದು ಡಿಗ್ರಿ ಹೆಚ್ಚಿದ್ದರೆ ಕೈ ಹಾಕಬೇಡಿ. ನಮ್ಮ ಅಭಿಪ್ರಾಯದಲ್ಲಿ ಈ ಕಾರಿಗೆ ಮೈನಸ್ 1.5ರಿಂದ ಶುರು ಮಾಡಿ, 2 ದಾಟಬೇಡಿ. 2.5 ಬೇಡವೇ ಬೇಡ.

ಲೆಕ್ಕ ಸುಲಭ. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವಿನ ಲಂಬ ಅಂತರವನ್ನು 0.0175ರಿಂದ ಗುಣಿಸಿದರೆ ಒಂದು ಡಿಗ್ರಿಗೆ ಬೇಕಾದ ದಪ್ಪ ಸಿಗುತ್ತದೆ. ಅಂತರ 60 ಮಿ.ಮೀ. ಎಂದಿಟ್ಟುಕೊಂಡರೆ ಡಿಗ್ರಿಗೆ 1.05 ಮಿ.ಮೀ., ಅರ್ಧ ಡಿಗ್ರಿಗೆ ಸುಮಾರು ಅರ್ಧ ಮಿ.ಮೀ. ನಿಮ್ಮ ಬೀಮಿನ ಅಂತರವನ್ನು ವರ್ನಿಯರ್ ಹಿಡಿದು ಅಳೆಯಿರಿ. ಬೋಲ್ಟುಗಳ ಸಾಲು ನೆಟ್ಟಗಿಲ್ಲದೆ ಸ್ವಲ್ಪ ವಾಲಿದ್ದರೆ, ಕ್ಯಾಂಬರ್‌ಗೆಂದು ಕೊಟ್ಟ ಶಿಮ್ ಟೋವನ್ನೂ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೆ ತಿರುಗಿದ್ದರೆ ಟೋ-ಇನ್, ಹೊರಗೆ ತಿರುಗಿದ್ದರೆ ಟೋ-ಔಟ್) ಕದಲಿಸುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಅಳೆಯಬೇಕು.

ಬಿಡಿ ವಾಷರ್ ಕೊಡುವುದು ದೊಡ್ಡ ತಪ್ಪು. ಮುಖ ಎರಡು ಚುಕ್ಕಿಗಳ ಮೇಲಷ್ಟೇ ಕೂರುತ್ತದೆ, ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದಾಗಲೆಲ್ಲ ಫ್ಲಾಂಜ್ (ಸ್ಟಬ್ ಆಕ್ಸಲ್‌ನ ಬೋಲ್ಟು ಹಾಕುವ ಚಪ್ಪಟೆ ಬುಡ) ಬಾಗಿ ಏಳುತ್ತದೆ, ಬೋಲ್ಟು ಸಡಿಲಗೊಂಡು ಕೊನೆಗೆ ತುಂಡಾಗುತ್ತದೆ. ಫ್ಲಾಂಜಿನ ಪೂರ್ತಿ ಮುಖಕ್ಕೆ ಹೊಂದುವ, ಓರೆಯಾಗಿ ಮಿಲ್ ಮಾಡಿದ ಉಕ್ಕಿನ ಅಥವಾ ಗಟ್ಟಿ ಅಲ್ಯೂಮಿನಿಯಂ ಶಿಮ್ ಮಾಡಿಸಿ. ಮುಖದ ತುಕ್ಕು, ಬಣ್ಣ ಕೆರೆದು ತೆಗೆಯಿರಿ. ಒಂದು ಚಕ್ಕೆ ಬಣ್ಣ ಉಳಿದರೂ ನಾಳೆ ಅದು ಪುಡಿಯಾಗಿ ಬೋಲ್ಟಿನ ಬಿಗಿ ಹೋಗುತ್ತದೆ. ಬೋಲ್ಟು ಹೊಸದಿರಲಿ, ಮೂಲದಷ್ಟೇ ಗ್ರೇಡಿನದ್ದಿರಲಿ. ಶಿಮ್ ಸೇರಿದ ಮೇಲೂ ಮೊದಲಿನಷ್ಟೇ ಥ್ರೆಡ್ ಹಿಡಿಯುವಂತೆ ಉದ್ದ ನೋಡಿ. ಥ್ರೆಡ್‌ಲಾಕರ್ ಹಚ್ಚಿ, ಸರ್ವಿಸ್ ಮ್ಯಾನುಯಲ್ ಹೇಳುವಷ್ಟೇ ಟಾರ್ಕ್ ಕೊಡಿ.

ಅಳೆಯುವಾಗ ಸೀಟಿನಲ್ಲಿ ನಿಮ್ಮ ತೂಕ, ಅರ್ಧ ಟ್ಯಾಂಕ್ ಪೆಟ್ರೋಲ್, ಓಡಿಸುವ ಗಾಳಿ ಒತ್ತಡ ಇರಲಿ. ಜ್ಯಾಕ್ ಇಳಿಸಿದ ಮೇಲೆ ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ. ನೆಲ ಸಮ ಇದೆಯೇ? ಎಡಬಲ ಚಕ್ರಗಳ ನಡುವೆ ಸುಮಾರು ಒಂದೂವರೆ ಮೀಟರ್ ಇರುವುದರಿಂದ, ನೆಲದ 3 ಮಿ.ಮೀ. ಏರುಪೇರು 0.1 ಡಿಗ್ರಿಗೂ ಮೀರಿ ಸುಳ್ಳು ಹೇಳುತ್ತದೆ. ತಗ್ಗಿದ ಕಡೆ ಟೈಲ್ಸ್ ತುಂಡು ಕೊಟ್ಟು ಸಮ ಮಾಡಿ. ಟೋಗೆ ಕಾರಿನ ಇಕ್ಕೆಲದಲ್ಲಿ ದಾರ ಎಳೆದು, ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿಗೆ ಇರುವ ದೂರ ಅಳೆಯಿರಿ. 400 ಮಿ.ಮೀ. ವ್ಯಾಸದ ರಿಮ್ಮಿನಲ್ಲಿ 0.7 ಮಿ.ಮೀ. ವ್ಯತ್ಯಾಸ ಎಂದರೆ 0.1 ಡಿಗ್ರಿ. ಪ್ರತಿ ಚಕ್ರಕ್ಕೆ ಸೊನ್ನೆಯಿಂದ 0.1 ಡಿಗ್ರಿವರೆಗೆ ಟೋ-ಇನ್ ಸಾಕು. ಟೋ-ಔಟ್ ಇದ್ದರೆ, ವೇಗದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಗಳಿಗೆ ಹಿಂಭಾಗ ಸುತ್ತಿ ಮುಂದೆ ಬರಬಹುದು. ಹೊಸಬರಿಗೆ ಅದು ಅಪಾಯ.

ಶಿಮ್ ಹಾಕುವ ಮುನ್ನವೇ ಎಡ ಮೈನಸ್ 0.8, ಬಲ ಮೈನಸ್ 1.6 ಎಂಬಂತೆ ದೊಡ್ಡ ಅಂತರ ಕಂಡರೆ ನಿಲ್ಲಿಸಿ. ಸ್ಟಬ್ ಆಕ್ಸಲ್ಲೋ ಬೀಮೋ ಬಾಗಿದೆ. ಬಾಗಿದ್ದನ್ನು ಬದಲಿಸಬೇಕೇ ಹೊರತು ಶಿಮ್ಮಿನಿಂದ ಮುಚ್ಚಬಾರದು. ನೀವು ಸ್ಪರ್ಧೆಗೆ ಇಳಿಯುವವರಾದರೆ ನಿಮ್ಮ ವರ್ಗದ ನಿಯಮ ಶಿಮ್ಮಿಗೆ ಒಪ್ಪುತ್ತದೆಯೇ ಎಂದು ಮೊದಲೇ ಓದಿ.

ಪ್ರಶ್ನೆ: ಇಂಥದೇ ಕಾರಿಗೆ ಶಿಮ್ ಹಾಕಿಸಿದ ಮೇಲೆ ಬಲ ಹಿಂದಿನ ಡ್ರಮ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ. ಬೇರಿಂಗ್ ಹೋಯಿತೇ?

ಉತ್ತರ: ಬೇರಿಂಗ್‌ಗಿಂತ ಮೊದಲು ಶಿಮ್ ಎಲ್ಲಿದೆ ನೋಡಿ. ಅದು ಬೀಮ್ ಮತ್ತು ಬ್ಯಾಕ್ ಪ್ಲೇಟಿನ (ಬ್ರೇಕ್ ಶೂಗಳನ್ನು ಹೊತ್ತ ತಟ್ಟೆ) ನಡುವೆ ಇರಬೇಕು. ಆಗ ಪ್ಲೇಟು, ಶೂ, ಡ್ರಮ್ ಎಲ್ಲ ಒಟ್ಟಾಗಿ ವಾಲುತ್ತವೆ. ಬ್ಯಾಕ್ ಪ್ಲೇಟ್ ಮತ್ತು ಸ್ಟಬ್ ಆಕ್ಸಲ್ ನಡುವೆ ಹಾಕಿದ್ದರೆ ಡ್ರಮ್ ಮಾತ್ರ ಓರೆಯಾಗಿ ಶೂವಿನ ಒಂದು ಅಂಚಿಗೆ ಉಜ್ಜುತ್ತದೆ. ಡ್ರಮ್ ಬಿಚ್ಚಿದರೆ ಆ ಅಂಚು ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಜಾಗ ಸರಿ ಇದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿದೆಯೇ ಎಂದು ನೋಡಿ. ಅದನ್ನು ಸಡಿಲಿಸಿ ಚಕ್ರ ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ತಿರುಗಬೇಕು. ಇವೆರಡೂ ಸರಿ ಇದ್ದು, ತಿರುಗಿಸುವಾಗ ಗರಗರ ಸದ್ದು ಬಂದರೆ ಬೇರಿಂಗ್ ಬದಲಿಸಿ.