ಇನ್ಸುಲಿನ್ ಡೋಸ್ ತಪ್ಪಾದ ಮೇಲೆ ಸಿರಿಂಜ್ ಹಿಡಿಯಲು ಭಯ

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಮೆಡಿಕಲ್ ವಾರ್ಡ್ ಪೋಸ್ಟಿಂಗ್‌ನಲ್ಲಿ ಒಬ್ಬ ರೋಗಿಗೆ 16 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಬೇಕಿತ್ತು. ಕೆಂಪು ಮುಚ್ಚಳದ ಸಿರಿಂಜ್ ಮುಗಿದಿತ್ತು. ಕಿತ್ತಳೆ ಮುಚ್ಚಳದ್ದರಲ್ಲಿ 16ರ ಗೆರೆವರೆಗೆ ಎಳೆದು ಕೊಟ್ಟುಬಿಟ್ಟೆ. ತಪ್ಪು ಗೊತ್ತಾದ ಮೇಲೂ ಒಂದು ಗಂಟೆ ಯಾರಿಗೂ ಹೇಳಲಿಲ್ಲ. ಹೇಳಿದಾಗ ಎಲ್ಲರೆದುರು ಬೈದರು. ರೋಗಿಗೆ ತೊಂದರೆಯಾಗಲಿಲ್ಲ. ಆದರೆ ಮೂರು ವಾರದಿಂದ ಕೈ ನಡುಗುತ್ತಿದೆ, ಲೇಬಲ್ ಹತ್ತು ಸಲ ಓದಿದರೂ ಸಮಾಧಾನವಿಲ್ಲ. ಇಂಜೆಕ್ಷನ್ ಇದ್ದರೆ ಗೆಳತಿಗೆ ಕೊಟ್ಟು ನಾನು ಬೆಡ್ ಮೇಕಿಂಗ್‌ಗೆ ಹೋಗುತ್ತೇನೆ. ಕೋರ್ಸ್ ಬಿಡಲೇ?

ಉತ್ತರ: ಮೊದಲು ಆ ತಪ್ಪಿನ ಲೆಕ್ಕ ನೋಡೋಣ. ಏನಾಯಿತೆಂದು ಅಂಕಿಯಲ್ಲಿ ಗೊತ್ತಾಗುವವರೆಗೆ ಭಯಕ್ಕೆ ಅಳತೆಯೇ ಇರುವುದಿಲ್ಲ.

ಕೆಂಪು ಮುಚ್ಚಳದ ಸಿರಿಂಜ್ ಬೇಕಿತ್ತೆಂದರೆ ನಿಮ್ಮ ವೈಲ್ (ಇನ್ಸುಲಿನ್ ಸೀಸೆ) ಒಂದು ಎಂ.ಎಲ್.ಗೆ 40 ಯೂನಿಟ್‌ನದು; ಆ ಸಿರಿಂಜ್‌ನ ಗೆರೆಗಳೂ 40ರ ಲೆಕ್ಕದವೇ. 16 ಯೂನಿಟ್ ಎಂದರೆ 0.4 ಎಂ.ಎಲ್. ಕಿತ್ತಳೆ ಮುಚ್ಚಳದ ಸಿರಿಂಜ್ 100ರ, ಅಂದರೆ ಒಂದು ಎಂ.ಎಲ್.ಗೆ 100 ಯೂನಿಟ್‌ನ ಇನ್ಸುಲಿನ್‌ಗೆ ಗೆರೆ ಹಾಕಿದ್ದು. ಅದರಲ್ಲಿ 16ರ ಗೆರೆ ಎಂದರೆ ಬರೀ 0.16 ಎಂ.ಎಲ್. ಹಾಗಾಗಿ ರೋಗಿಗೆ ಹೋಗಿದ್ದು 6.4 ಯೂನಿಟ್. ಡೋಸ್ ಕಡಿಮೆಯಾಯಿತು, ಸಕ್ಕರೆ ಏರಬಹುದಿತ್ತು. ಇದರ ಉಲ್ಟಾ ಇನ್ನೂ ಅಪಾಯಕಾರಿ: 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 16ರವರೆಗೆ ಎಳೆದರೆ ಹೋಗುವುದು 40 ಯೂನಿಟ್. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ವಾರ್ಡಿನಲ್ಲಿ ಸರಿಯಾದ ಸಿರಿಂಜ್ ಇಲ್ಲದಿದ್ದದ್ದು, ಎರಡನೇ ವರ್ಷದವರ ಪಕ್ಕದಲ್ಲಿ ಯಾರೂ ನಿಲ್ಲದಿದ್ದದ್ದು ಕೂಡ ಈ ತಪ್ಪಿನ ಭಾಗ. ಅದು ನಿಮ್ಮೊಬ್ಬರ ಹೆಗಲ ಮೇಲಿನ ಹೊರೆಯಲ್ಲ.

ನಿಜವಾಗಿ ತಿದ್ದಿಕೊಳ್ಳಬೇಕಾದದ್ದು ಆ ಒಂದು ಗಂಟೆಯನ್ನು. ರೆಗ್ಯುಲರ್ ಇನ್ಸುಲಿನ್ ಸುಮಾರು ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತದೆ, ಎರಡರಿಂದ ನಾಲ್ಕು ಗಂಟೆಯಲ್ಲಿ ಅದರ ಬಲ ಹೆಚ್ಚು. ಡೋಸ್ ಹೆಚ್ಚಾಗಿದ್ದಿದ್ದರೆ ರೋಗಿಗೆ ಗ್ಲೂಕೋಸ್ ಬೇಕಾಗುತ್ತಿದ್ದ ಹೊತ್ತು ಅದೇ. ಮುಂದೆ ಎಂದಾದರೂ ಹೀಗಾದರೆ ಮೊದಲು ರೋಗಿಯ ಹತ್ತಿರ ಹೋಗಿ: ಮಾತಾಡುತ್ತಿದ್ದಾರಾ, ಬೆವರುತ್ತಿದ್ದಾರಾ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ಎಷ್ಟು. ಆ ನಂಬರ್ ಹಿಡಿದುಕೊಂಡೇ ಸ್ಟಾಫ್ ನರ್ಸ್ ಹತ್ತಿರ ಹೋಗಿ, 'ಸಿಸ್ಟರ್, 9ನೇ ಬೆಡ್‌ಗೆ ಇನ್ಸುಲಿನ್ ತಪ್ಪಾಗಿದೆ. 16ರ ಬದಲು 6.4 ಹೋಗಿದೆ, 8 ಗಂಟೆಗೆ ಕೊಟ್ಟಿದ್ದು, ಈಗ ಶುಗರ್ ಇಷ್ಟಿದೆ' ಎಂದು ಹೇಳಿ. ಕ್ಷಮೆ, ಕಾರಣ ಆಮೇಲೆ. ಉಳಿದ 9.6 ಯೂನಿಟ್ ನೀವಾಗಿಯೇ ಕೊಡಲು ಹೋಗಬೇಡಿ, ಅದು ಡಾಕ್ಟರ್ ತೀರ್ಮಾನ. ನರ್ಸಸ್ ನೋಟ್ಸ್‌ನಲ್ಲಿ ಹೊತ್ತು, ಕೊಟ್ಟ ಡೋಸ್, ಕಂಡದ್ದು, ಯಾರಿಗೆ ತಿಳಿಸಿದಿರಿ ಎಂಬುದಿಷ್ಟೇ ಇರಲಿ. ಬರೆಯುವಾಗ ತಪ್ಪಿದರೆ ಒಂದೇ ಗೆರೆ ಎಳೆದು ಸಹಿ ಹಾಕಿ, ವೈಟ್ನರ್ ಮುಟ್ಟಬೇಡಿ. ಇನ್ಸಿಡೆಂಟ್ ರಿಪೋರ್ಟ್ (ತಪ್ಪಾದದ್ದನ್ನು ಆಸ್ಪತ್ರೆಗೆ ತಿಳಿಸುವ ವರದಿ) ಬೇರೆ ಕಾಗದ, ಅದು ಕೇಸ್ ಶೀಟ್‌ಗೆ ಸೇರುವುದಿಲ್ಲ.

ಬೈಗುಳ ತಿಂದರೂ ನೀವು ಹೇಳಿದಿರಿ. ಅದು ಸಣ್ಣ ಧೈರ್ಯವಲ್ಲ.

ಇನ್ನು ಹತ್ತು ಸಲ ಓದುವುದು. ಇದು ಜಾಗ್ರತೆಯಂತೆ ಕಂಡರೂ ಕೆಲಸಕ್ಕೆ ಬರುವುದಿಲ್ಲ. ಒಂದನ್ನೇ ತಿರುತಿರುಗಿ ನೋಡಿದಷ್ಟೂ ನೋಡಿದ ನೆನಪಿನ ಮೇಲೆ ನಂಬಿಕೆ ಕುಗ್ಗುತ್ತದೆ. ಮೂರೇ ಸಲ ಓದಿ, ಆದರೆ ಬೇರೆ ಬೇರೆ ಜಾಗದಲ್ಲಿ: ಟ್ರೇಗೆ ತೆಗೆದುಕೊಳ್ಳುವಾಗ, ಎಳೆಯುವ ಮುಂಚೆ, ರೋಗಿಯ ಕೈಪಟ್ಟಿ ನೋಡಿ ಹೆಸರು ಕೇಳುವಾಗ. ಪ್ರತಿ ಸಲ ವೈಲ್‌ನ ಮೇಲಿನ 40 ಅಥವಾ 100, ಸಿರಿಂಜ್‌ನ ಮೇಲಿನ 40 ಅಥವಾ 100 ಎರಡನ್ನೂ ಬಾಯಿಬಿಟ್ಟು ಹೇಳಿ. ಎರಡೂ ಒಂದೇ ಆಗಿರದಿದ್ದರೆ ಎಳೆಯಬೇಡಿ. ನಡುವೆ ಯಾರಾದರೂ 'ಸಿಸ್ಟರ್, ಡ್ರಿಪ್ ಮುಗೀತು' ಎಂದು ಕೂಗಿದರೆ ಆ ಹಂತವನ್ನು ಮೊದಲಿನಿಂದ ಮಾಡಿ.

ಇನ್ಸುಲಿನ್‌ಗೆ ಎರಡನೆಯವರ ಕಣ್ಣು ಬೇಕೇ ಬೇಕು. ಕೇಳುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. 'ಹದಿನಾರು, ಸರಿ ಅಲ್ವಾ ಸಿಸ್ಟರ್?' ಎಂದರೆ ಅವಸರದಲ್ಲಿರುವವರು 'ಹೂಂ' ಅಂದುಬಿಡುತ್ತಾರೆ. ಆರ್ಡರ್, ವೈಲ್, ಸಿರಿಂಜ್ ಮೂರನ್ನೂ ಕೈಗೆ ಕೊಟ್ಟು, 'ಇದರಲ್ಲಿ ಎಷ್ಟಿದೆ ನೋಡಿ ಹೇಳಿ' ಎನ್ನಿ. ಅಂಕಿ ಅವರ ಬಾಯಿಂದ ಬರಬೇಕು.

ಕೈನಡುಕ ಅಡ್ರಿನಲಿನ್‌ನದು. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ಐದು ಸಲಕ್ಕೆ ಒಂದು ನಿಮಿಷವೂ ಬೇಡ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕಿರುಬೆರಳಿನ ಅಂಚನ್ನು ರೋಗಿಯ ಚರ್ಮಕ್ಕೆ ಆನಿಸಿದರೆ ಸೂಜಿ ಅಲ್ಲಾಡುವುದಿಲ್ಲ. ಮಾರ್ನಿಂಗ್ ಡ್ಯೂಟಿಗೆ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದು ಹೋದರೆ ನಡುಕ ಹೆಚ್ಚಬಹುದು, ಎರಡು ಇಡ್ಲಿಯಾದರೂ ತಿನ್ನಿ.

ಗೆಳತಿಗೆ ಇಂಜೆಕ್ಷನ್ ದಾಟಿಸುವುದನ್ನು ಈ ವಾರವೇ ನಿಲ್ಲಿಸಬೇಕು. ತಪ್ಪಿಸಿಕೊಂಡ ಪ್ರತಿ ದಿನ ಭಯಕ್ಕೆ ಬಲ ಬರುತ್ತದೆ. ಸ್ಕಿಲ್ ಲ್ಯಾಬ್‌ನಲ್ಲಿ ನಾರ್ಮಲ್ ಸಲೈನ್ ಇಟ್ಟುಕೊಂಡು 16, 22, 34 ಎಂದು ಎರಡೂ ಬಗೆಯ ಸಿರಿಂಜ್‌ನಲ್ಲಿ ಇಪ್ಪತ್ತು ಸಲ ಎಳೆದು ನೋಡಿ. ಆಮೇಲೆ ವಾರ್ಡಿನಲ್ಲಿ ನೀವು ಎಳೆಯುವುದು, ಸ್ಟಾಫ್ ಕೊಡುವುದು. ಅದಾದ ಮೇಲೆ ಅವರ ಎದುರಿನಲ್ಲಿ ನೀವೇ ಕೊಡುವುದು. ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹತ್ತಿರ 'ಭಯ ಆಗ್ತಿದೆ ಮೇಡಂ' ಎಂದಷ್ಟೇ ಹೇಳಿದರೆ ಅವರಿಗೂ ಏನು ಮಾಡಬೇಕೆಂದು ತೋಚದು. 'ಮುಂದಿನ ಐದು ಇನ್ಸುಲಿನ್ ನಿಮ್ಮೆದುರು ಕೊಡುತ್ತೇನೆ' ಎಂದು ಕೇಳಿ.

ಕೋರ್ಸ್ ಬಿಡುವ ತೀರ್ಮಾನ ಈ ಐದು ಇಂಜೆಕ್ಷನ್ ಮುಗಿಯುವವರೆಗೆ ಬೇಡ. ಆದರೆ ಮೂರು ವಾರ ಸಣ್ಣ ಅವಧಿಯೇನಲ್ಲ. ನಿದ್ದೆ, ಊಟ ಕೆಟ್ಟಿದ್ದರೆ, ಆ ದೃಶ್ಯವೇ ಕಣ್ಮುಂದೆ ಬರುತ್ತಿದ್ದರೆ ಕಾಲೇಜಿನ ಕೌನ್ಸೆಲರ್ ಅಥವಾ ಆಸ್ಪತ್ರೆಯ ಮನೋವೈದ್ಯರನ್ನು ಈಗಲೇ ನೋಡಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಒಬ್ಬರೇ ಇರಬೇಡಿ. ರೂಂಮೇಟನ್ನು ಎಬ್ಬಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.