ಅಸಿಮೋವ್ ಅವರ ‘ನೈಟ್‌ಫಾಲ್’ ಕಥೆಯನ್ನು ಈಗಲೂ ಏಕೆ ಓದಬೇಕು?

ಎಂಬತ್ತು ವರ್ಷಗಳಿಗೂ ಹಳೆಯದಾದ ‘ನೈಟ್‌ಫಾಲ್’ ಕಥೆಯಲ್ಲಿ ಈಗಿನವರಿಗೆ ಏನು ಸಿಗುತ್ತದೆ, ಅದನ್ನು ಬರೆದ ಅಮೆರಿಕದ ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಅವರ ಪ್ರಭಾವ ನಿಜಕ್ಕೂ ಅಷ್ಟು ದೊಡ್ಡದೇ ಎಂದು ತಾವು ಕೇಳಿದ್ದೀರಿ. ನಾನು ಗೌರಿಬಿದನೂರಿನ ಕಡೆ ಇಪ್ಪತ್ತೈದು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಈ ಕಥೆಯನ್ನು ಮಕ್ಕಳಿಗೆ ಹತ್ತಾರು ಸಲ ಕನ್ನಡದಲ್ಲಿ ಹೇಳಿದ್ದೇನೆ.

ಸಾವಿರ ವರ್ಷಗಳಿಗೊಮ್ಮೆ ಮಾತ್ರ ನಕ್ಷತ್ರಗಳು ಕಾಣಿಸಿಕೊಂಡರೆ ಮನುಷ್ಯರು ಅವನ್ನು ಹೇಗೆ ಆರಾಧಿಸಿಯಾರು ಎಂಬ ಅಮೆರಿಕದ ಚಿಂತಕ ಎಮರ್ಸನ್ನರ ಮಾತನ್ನು ವೈಜ್ಞಾನಿಕ ಕಥಾಪತ್ರಿಕೆಯೊಂದರ ಸಂಪಾದಕ ಜಾನ್ ಕ್ಯಾಂಬೆಲ್ 1941ರ ಮಾರ್ಚ್‌ನಲ್ಲಿ ಅಸಿಮೋವ್ ಅವರ ಮುಂದಿಟ್ಟು, ಆರಾಧಿಸುವುದಿಲ್ಲ, ಹುಚ್ಚರಾಗುತ್ತಾರೆ ಎಂದರಂತೆ. ಆಗ ಅಸಿಮೋವ್ ಅವರಿಗೆ 21 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ಕಥೆ ಅಚ್ಚಾಯಿತು. ಆರು ಸೂರ್ಯರಿರುವ ಲಗಾಶ್ ಎಂಬ ಲೋಕದಲ್ಲಿ ಕತ್ತಲೆಯೇ ಇಲ್ಲ. 2,049 ವರ್ಷಗಳಿಗೊಮ್ಮೆ ಒಂದೇ ಸೂರ್ಯ ಉಳಿದು, ಅದಕ್ಕೂ ಗ್ರಹಣ ಹಿಡಿಯುತ್ತದೆ.

ನನಗೆ ಅತ್ಯಂತ ಇಷ್ಟವಾದ ಭಾಗ ಗ್ರಹಣವಲ್ಲ, ಅದಕ್ಕೆ ಮುಂಚಿನ ಮಾತುಕತೆ. ಆರು ಸೂರ್ಯರ ಎಳೆದಾಟದ ನಡುವೆ ಗುರುತ್ವದ ನಿಯಮವನ್ನು ಬಿಡಿಸಿಕೊಳ್ಳಲು ಆ ಲೋಕದವರಿಗೆ ನಾಲ್ಕು ಶತಮಾನಗಳೇ ಬೇಕಾದವು. ಲೆಕ್ಕ ಸ್ವಲ್ಪ ತಪ್ಪಿದ್ದರಿಂದಲೇ ಕಣ್ಣಿಗೆ ಕಾಣದ ಚಂದ್ರನೊಂದು ಇರಬೇಕೆಂದು ಅವರು ಊಹಿಸುತ್ತಾರೆ. ಅಲ್ಲಿನ ತರುಣ ಖಗೋಳಜ್ಞನೊಬ್ಬ, ಒಂದೇ ಸೂರ್ಯ, ಒಂದೇ ಗ್ರಹ ಇರುವ ಕಡೆ ಗುರುತ್ವದ ನಿಯಮ ಯಾರಿಗಾದರೂ ತಾನಾಗಿಯೇ ಹೊಳೆಯುತ್ತಿತ್ತು, ಆದರೆ ಅರ್ಧ ದಿನ ಕತ್ತಲಿರುವ ಅಂಥ ಗ್ರಹದಲ್ಲಿ ಜೀವ ಇರಲಾರದು ಎನ್ನುತ್ತಾನೆ. ಅವನು ಅಸಾಧ್ಯವೆಂದು ತಳ್ಳಿಹಾಕಿದ ಆ ಗ್ರಹ ಹೆಚ್ಚು ಕಡಿಮೆ ನಮ್ಮದೇ ಎಂಬುದು ಹೊಳೆದಾಗ ತರಗತಿಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ.

ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಅವರ ಮನೆಗಳಲ್ಲಿ ದೀಪವೇ ಇರಲಿಲ್ಲವೇ?” ಎಂದು ಕೇಳಿದಳು. ಕಥೆಯಲ್ಲಿ ಅದಕ್ಕೂ ಉತ್ತರವಿದೆ: ನೀರುಜೊಂಡಿನ ತಿರುಳನ್ನು ಒಣಗಿಸಿ, ಪ್ರಾಣಿಗಳ ಕೊಬ್ಬಿನಲ್ಲಿ ನೆನೆಸಿ, ಅಡಿಯುದ್ದದ ಪಂಜುಗಳನ್ನು ಮಾಡಿ, ಅವು ಅರ್ಧ ಗಂಟೆ ಉರಿಯುತ್ತವೆಂದು ವಿಶ್ವವಿದ್ಯಾಲಯದವರು ಹೆಮ್ಮೆಯಿಂದ ತೋರಿಸುತ್ತಾರೆ. ಇರುಳೇ ಇಲ್ಲದವರು ಪಂಜನ್ನು ಹೊಸ ಯಂತ್ರದಂತೆ ಕಂಡುಹಿಡಿಯಬೇಕಾಗುತ್ತದೆ ಎಂಬುದನ್ನು ಯೋಚಿಸಿದ ಲೇಖಕರ ಶ್ರದ್ಧೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇಷ್ಟೆಲ್ಲ ಸಿದ್ಧತೆಯಿದ್ದೂ ಅವರು ಉಳಿಯುವುದಿಲ್ಲ. ಕತ್ತಲೆಗೆ ಅಣಿಯಾಗಿದ್ದವರು, ನಕ್ಷತ್ರಗಳಿದ್ದರೆ ಒಂದೆರಡು ಡಜನ್ ಇರಬಹುದೆಂದು ಎಣಿಸಿದ್ದವರು, ಮೂವತ್ತು ಸಾವಿರ ಸೂರ್ಯರ ಮುಂದೆ ಕುಸಿಯುತ್ತಾರೆ. 1980ರ ಫೆಬ್ರವರಿ 16ರ ಸೂರ್ಯಗ್ರಹಣದ ಮಧ್ಯಾಹ್ನ ನಮ್ಮಜ್ಜಿ ಉಪ್ಪಿನಕಾಯಿ ಭರಣಿಯ ಮೇಲೂ ದರ್ಭೆ ಇಟ್ಟು, ಬಾಗಿಲು ಹಾಕಿ, ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿದ್ದು ನೆನಪಾದಾಗಲೆಲ್ಲ ಆ ಭಯವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ಅಸಿಮೋವ್ ಹುಟ್ಟಿದ 1920ರಲ್ಲೇ ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ವಿಚಾರವಾದಿ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು, ಇಂಥ ಭಯಗಳನ್ನು ಪ್ರಶ್ನಿಸಿ ಎಂದು ಬದುಕಿನುದ್ದಕ್ಕೂ ಹೇಳಿದರು.

ಇನ್ನು ಪ್ರಭಾವದ ವಿಷಯ. ಒಂದು ಊಹೆಯನ್ನು ಹಿಡಿದರೆ ಅದರ ಕೊನೆ ಮುಟ್ಟುವವರೆಗೂ ಬಿಡದಿರುವುದನ್ನು ಅಸಿಮೋವ್ ಮುಂದಿನವರಿಗೆ ಕಲಿಸಿದರು ಎಂಬುದು ನನ್ನ ಅಭಿಪ್ರಾಯ. ‘ರೋಬಾಟಿಕ್ಸ್’ ಎಂಬ ಪದ ಮೊದಲು ಅಚ್ಚಾದದ್ದು ಅವರ 1941ರ ಕಥೆಯಲ್ಲಿ. ಆ ಪದ ಮೊದಲೇ ಬಳಕೆಯಲ್ಲಿದೆ ಎಂದೇ ಅವರು ತಿಳಿದಿದ್ದರು. ರೋಬಾಟ್ ಮನುಷ್ಯನಿಗೆ ಹಾನಿ ಮಾಡಬಾರದು, ಹೇಳಿದ ಮಾತು ಕೇಳಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು ಎಂಬ ಮೂರು ನಿಯಮಗಳನ್ನು 1942ರಲ್ಲಿ ಬರೆದ ಅವರು, ಅದೇ ಕಥೆಯಲ್ಲಿ ಅವು ಎಡವುವುದನ್ನೂ ತೋರಿಸಿದರು: ಬುಧ ಗ್ರಹದಲ್ಲಿ ಸೆಲೆನಿಯಂ ತರಲು ಹೋದ ರೋಬಾಟ್, ಎರಡನೆಯ ಮತ್ತು ಮೂರನೆಯ ನಿಯಮಗಳು ಸಮಬಲವಾದ ಕಡೆ ಸಿಕ್ಕಿಕೊಂಡು ಗಾಣದೆತ್ತಿನಂತೆ ಸುತ್ತುತ್ತದೆ. ಯಂತ್ರಗಳಿಗೆ ಯಾವ ಕಟ್ಟುಪಾಡು ಹಾಕಬೇಕೆಂಬ ಇಂದಿನ ಚರ್ಚೆಯಲ್ಲೂ ಆ ಮೂರು ನಿಯಮಗಳು ಮತ್ತೆ ಮತ್ತೆ ಬರುತ್ತವೆ.

ತಾವು ಓದುವುದಾದರೆ ಮೊದಲು 1941ರ ಸಣ್ಣಕಥೆಯನ್ನೇ ಓದಿ. ರಾಬರ್ಟ್ ಸಿಲ್ವರ್‌ಬರ್ಗ್ ಅವರೊಂದಿಗೆ ಹಿಗ್ಗಿಸಿ ಬರೆದು 1990ರಲ್ಲಿ ಬಂದ ಕಾದಂಬರಿಯನ್ನು ಆಮೇಲೆ ನೋಡಬಹುದು.