ಸಿಂಫನಿ ಹಾಲ್‌ಗೆ ತಡ ಮಾಡಬೇಡಿ

ಬಾಸ್ಟನ್ನಿಗೆ ಓದಲು ಬರುತ್ತಿದ್ದೀರಿ, ಹಂಟಿಂಗ್ಟನ್ ಅವೆನ್ಯೂ ಬಳಿ ರೂಮು ಸಿಕ್ಕಿದೆ, ಮಿಕ್ಸಿ ತರಬೇಕಾ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿ ನಡೆಯುವ ಪಕ್ಕದ ಸಿಂಫನಿ ಹಾಲ್‌ಗೆ ನಮ್ಮಂಥವರು ಹೋಗಬಹುದಾ ಎಂದು ಕೇಳಿದ್ದೀರಿ. ಮಿಕ್ಸಿ ತನ್ನಿ, 110 ವೋಲ್ಟಿನದು. ಹಾಲ್‌ಗೆ ಧಾರಾಳವಾಗಿ ಹೋಗಿ. ಸೂಟು ಬೂಟು ಬೇಕಿಲ್ಲ. ವಿದ್ಯಾರ್ಥಿಗಳಿಗೆ ಅಗ್ಗದ ಟಿಕೆಟ್ ಇರುತ್ತದೆ, ಕೇಳಿ ನೋಡಿ.

ನಾನು ಬಂದ ಹೊಸದರಲ್ಲಿ ಎರಡು ವರ್ಷ ಅದರ ಮುಂದೆ ಓಡಾಡಿದೆ, ಒಳಗೆ ಕಾಲಿಡಲಿಲ್ಲ. ಇಟ್ಟಿಗೆಯ ಕಟ್ಟಡ, ಹೊರಗಿನಿಂದ ಯಾವುದೋ ಹಳೇ ಕೋರ್ಟಿನ ಹಾಗೆ. ಇಲ್ಲಿ ನುಡಿಸುವ ಬಾಸ್ಟನ್ ಸಿಂಫನಿ ವಾದ್ಯವೃಂದ 1881ರದ್ದು, ಹಾಲ್ 1900ರದ್ದು. ಒಳಗೆ ಸದ್ದು ಎಷ್ಟು ಹೊತ್ತು ಗುಂಯ್‌ಗುಡುತ್ತಾ ಉಳಿಯಬೇಕು ಎಂದು ಕಟ್ಟುವ ಮೊದಲೇ ಲೆಕ್ಕ ಹಾಕಿ ಕೊಟ್ಟವರು ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು, ವ್ಯಾಲೇಸ್ ಸಬೀನ್. ಉದ್ದಕ್ಕೆ, ಎತ್ತರಕ್ಕೆ, ಶೂ ಡಬ್ಬದ ಹಾಗಿದೆ. 2,600ಕ್ಕೂ ಜಾಸ್ತಿ ಜನ ಕೂರುತ್ತಾರೆ, ಆದರೂ ಮೈಕಿಲ್ಲದ ಒಂಟಿ ಪಿಟೀಲು ಹಿಂದಿನ ಸಾಲಿಗೂ ಕೇಳಿಸುತ್ತದೆ. ಮೃದಂಗದ ಮೈಕು ಕೂಗುವ ಕಚೇರಿಗಳಲ್ಲಿ ಬೆಳೆದ ನನಗೆ ಹೊಟ್ಟೆಕಿಚ್ಚಾಯಿತು. ಸೀಟು ಮಾತ್ರ ಇಕ್ಕಟ್ಟು. ಕೃತಿಯ ನಡುವೆ ವಾದನ ನಿಂತಾಗ ಚಪ್ಪಾಳೆ ಹೊಡೆಯಬೇಡಿ. ಆಗ ಎಲ್ಲರೂ ಕೆಮ್ಮುತ್ತಾರೆ, ನೀವೂ ಕೆಮ್ಮಿಕೊಳ್ಳಿ.

ಆದರೆ ತಡ ಮಾಡಬೇಡಿ. ಅಪ್ಪ ಊರಿಂದ ಬಂದಿದ್ದಾಗ ಟಿಕೆಟ್ ತಂದಿದ್ದೆ. ಅವರು ಆರಕ್ಕೇ ಇಸ್ತ್ರಿ ಮಾಡಿದ ಜುಬ್ಬ ಹಾಕಿ ಬಾಗಿಲ ಬಳಿ ಕೂತಿದ್ದರು. 'ಆತುರ ಏನು? ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗೆ ವರ್ಣ ಮುಗಿದ ಮೇಲೇ ಹೋಗ್ತಿರಲಿಲ್ವಾ' ಎಂದೆ. ಕಾರಿಗೆ ಜಾಗ ಹುಡುಕುವಷ್ಟರಲ್ಲಿ ಹತ್ತು ನಿಮಿಷ ತಡ. ಬಾಗಿಲು ಮುಚ್ಚಿತ್ತು. ಆ ಕೃತಿ ಮುಗಿಯುವ ತನಕ ಒಳಗೆ ಬಿಡುವ ಹಾಗಿಲ್ಲ. ಅದೋ ಅರ್ಧ ಗಂಟೆಯದು. ಅಪ್ಪ ಬಾಗಿಲಿಗೆ ಕಿವಿಗೊಟ್ಟು, ಬೆರಳಲ್ಲಿ ತಾಳ ಹುಡುಕುತ್ತಾ ನಿಂತೇ ಇದ್ದರು. ನನ್ನ ಕಡೆ ನೋಡಲಿಲ್ಲ.

ಒಳಗೆ ಕೂತ ಮೇಲೆ ವೇದಿಕೆಯ ಮೇಲಿನ ಫಲಕ ತೋರಿಸಿದರು. 'ಬೀಥೋವನ್ ಒಬ್ಬನದೇ ಹೆಸರಿದೆ. ಉಳಿದ ಫಲಕ ಯಾಕೆ ಖಾಲಿ?' ನನಗೆ ಗೊತ್ತಿರಲಿಲ್ಲ. ಬೇರೆ ಯಾವ ಸಂಗೀತ ರಚನಕಾರನ ಹೆಸರಿಗೂ ಆಗಿನ ಆಡಳಿತ ಮಂಡಳಿಯವರಲ್ಲಿ ಒಮ್ಮತ ಬರಲಿಲ್ಲ ಎಂದು ಆಮೇಲೆ ತಿಳಿಯಿತು. (ನಮ್ಮಲ್ಲಾಗಿದ್ದರೆ ಆ ಒಂದೂ ಖಾಲಿಯೇ!) ಅಷ್ಟರಲ್ಲಿ ಅಪ್ಪ ಬೆಂಗಳೂರಿಗೆ ಮರಳಿದ್ದರು. ಫೋನಿನಲ್ಲಿ ಹೇಳಿದೆ, ನಕ್ಕರು. 'ಅದಿರಲಿ, ಮೊದಲು ನುಡಿಸಿದ್ರಲ್ಲ, ಅದೇನು?' ಎಂದರು.

ಅವರಿಗೆ ಮತ್ತೆ ಬರಲಾಗಲಿಲ್ಲ. ನಿಮಗೆ ನಡೆದು ಹೋಗುವ ದೂರ, ಪಾರ್ಕಿಂಗ್ ಗೋಳಿಲ್ಲ. ಇಪ್ಪತ್ತು ನಿಮಿಷ ಮುಂಚೆ ಹೋಗಿ ಕೂತಿರಿ.